ಮಡಚುವ ಮೊದಲು ಬಿಡಿಸಿ ನೋಡಿ



ಪರೀಕ್ಷೆ ಮುಗಿದ ಮೇಲೆ ನಮ್ಮ ಶಿಕಾರಿಪುರ, ಸೊರಬ ಕಡೆಯ ಮನೆಗಳಲ್ಲಿ ಒಂದು ಮೂಲೆ ತುಂಬಾ ಹಳೇ ಪುಸ್ತಕ ಸೇರುತ್ತದೆ. ಸಿಲಬಸ್ ಬದಲಾದ ಗೈಡು, ಎಂಟು ಹತ್ತು ವರ್ಷದ ವಾರಪತ್ರಿಕೆ, ಯಾರೋ ಬಿಟ್ಟುಹೋದ ದಪ್ಪ ದಪ್ಪ ಪುಸ್ತಕ. ಕೊನೆಗೆ ಗುಜರಿಯವರು ಬಂದು ಕೆ.ಜಿ. ಲೆಕ್ಕದಲ್ಲಿ ತೂಗಿ ಒಯ್ಯುತ್ತಾರೆ. ಇಂಥ ಪುಸ್ತಕದ ಹಾಳೆಗಳನ್ನು ಕತ್ತರಿಸದೆ, ಹರಿಯದೆ, ಬರೀ ಮಡಚಿ ಅಲಂಕಾರದ ವಸ್ತು ಮಾಡುವ ಕಲೆ ಒಂದಿದೆ. ಅದನ್ನು ಮಾಡುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ ಯಾವ ಪುಸ್ತಕವನ್ನು ಮಡಚಬಾರದು ಎಂಬುದನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಮಡಚುವ ಪುಸ್ತಕ ನಮಗೆ ಹೊಸದಲ್ಲ

ತಾಲ್ಲೂಕು ಆಫೀಸಿಗೆ ಹೋದರೆ "ನಿಮ್ಮ ಕಡತ ಮೇಲಿನ ಟೇಬಲ್ಲಿಗೆ ಹೋಗಿದೆ" ಅಂತಾರೆ. ಈ 'ಕಡತ' ಎಂಬ ಮಾತು ಮೊದಲು ಫೈಲಿಗೆ ಇದ್ದದ್ದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಾರ್ಮೋನಿಯಂ ತಿದಿಯಂತೆ ಹಿಂದೆ ಮುಂದೆ ಮಡಚಿಟ್ಟ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಿಳಿ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ವ್ಯಾಪಾರಿಗಳ ಲೆಕ್ಕ, ಮಠಗಳ ಜಮಾಖರ್ಚು, ಊರಿನ ವ್ಯವಹಾರ ಎಲ್ಲಾ ಇದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳಿವೆ. ಜಪಾನಿನಲ್ಲೂ ಹೀಗೆ ಹಿಂದೆ ಮುಂದೆ ಮಡಚಿದ ಪುಸ್ತಕಗಳುಂಟು, ಅದಕ್ಕೆ ಅವರು 'ಒರಿಹೋನ್' ಅನ್ನುತ್ತಾರೆ.

ಯಾವುದನ್ನು ಮುಟ್ಟಬಾರದು?

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಮಲೆನಾಡಿನ ಹಳೇ ಮನೆಗಳ ಅಟ್ಟದಲ್ಲಿ ತಾಳೆಗರಿ ಕಟ್ಟು, ಕಡತ, ಕೈಬರಹದ ಲೆಕ್ಕದ ಪುಸ್ತಕ ಈಗಲೂ ಇರಬಹುದು. ನೋಡಲಿಕ್ಕೆ ಕಪ್ಪಾದ ಬಟ್ಟೆ, ಧೂಳು ಹಿಡಿದ ಗರಿ. ಕಸ ಅಂತಲೇ ಕಾಣುತ್ತದೆ. ಆದರೆ ಊರಿನ ಕೆರೆ ಯಾರು ಕಟ್ಟಿಸಿದರು, ಭೂಮಿ ಯಾರಿಂದ ಯಾರಿಗೆ ಹೋಯಿತು, ಯಾವ ವರ್ಷ ಬರ ಬಂತು ಎಂಬುದು ಅದರಲ್ಲಿ ಮಾತ್ರ ಇದ್ದೀತು. ಒಮ್ಮೆ ಹೋದರೆ ಹೋಯಿತು, ಇನ್ನೊಂದು ಪ್ರತಿ ಇರುವುದಿಲ್ಲ.

ಸಾಗರದ ಹತ್ತಿರದ ಕೆಳದಿಯಲ್ಲಿ ಇತಿಹಾಸ ಸಂಶೋಧಕ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯವಿದೆ. ಅಲ್ಲಿರುವ ತಾಳೆಗರಿ, ಹಳೇ ಕಾಗದಪತ್ರಗಳನ್ನು ಒಮ್ಮೆ ಮಕ್ಕಳಿಗೆ ತೋರಿಸಿದರೆ ನಮ್ಮ ಅಟ್ಟದಲ್ಲಿ ಏನಿದೆ ಅಂತ ಗುರುತು ಹಿಡಿಯಲು ಅವರೂ ಕಲಿಯುತ್ತಾರೆ. ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಶುರು ಮಾಡಿದ್ದೂ ಇಂಥವನ್ನು ಹುಡುಕಿ ಉಳಿಸಲಿಕ್ಕೇ.

ಆದ್ದರಿಂದ ಹಳೇ ಪುಸ್ತಕದ ರಾಶಿಯನ್ನು ಮೂರು ಪಾಲು ಮಾಡಿ:

1. ಕೈಬರಹ, ತಾಳೆಗರಿ, ಕಡತ, ಅಜ್ಜ ಅಜ್ಜಿಯ ಕಾಲದ ಮುದ್ರಿತ ಪುಸ್ತಕ, ಮನೆಯ ಪತ್ರಗಳು: ಇವನ್ನು ಮಡಚಬೇಡಿ, ಮಾರಬೇಡಿ. ತಿಳಿದವರಿಗೆ ತೋರಿಸಿ.

2. ಇನ್ನೂ ಓದಬಹುದಾದ ಕಥೆ, ಕಾದಂಬರಿ, ನಿಘಂಟು, ಈಗಲೂ ನಡೆಯುತ್ತಿರುವ ಪಠ್ಯ: ಶಾಲೆಗೋ, ನಿಮ್ಮ ಪಂಚಾಯ್ತಿಯ ಅರಿವು ಕೇಂದ್ರಕ್ಕೋ ಕೊಡಿ.

3. ಹಳೇ ಗೈಡು, ಅವಧಿ ಮುಗಿದ ಡೈರಿ, ಕಂಪನಿ ಕ್ಯಾಟಲಾಗು, ಪುಟ ಉದುರಿದ ಪುಸ್ತಕ, ಹಳೇ ವಾರಪತ್ರಿಕೆ: ಇವು ಮಡಚಲಿಕ್ಕೆ.

ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಮಡಚಿದರೆ ಅವಮಾನವಲ್ಲವಾ ಅಂತ ಹಿರಿಯರು ಕೇಳಬಹುದು. ಅವರ ಮಾತಿಗೆ ಬೆಲೆ ಕೊಡೋಣ. ಯಾವ ಧರ್ಮದ್ದೇ ಆಗಲಿ, ಪವಿತ್ರ ಗ್ರಂಥ, ಪ್ರಾರ್ಥನೆಯ ಪುಸ್ತಕ ಬೇಡವೇ ಬೇಡ. ಉಳಿದಂತೆ, ಓದುವವರೇ ಇಲ್ಲದ ಗೈಡು ಪೊಟ್ಟಣ ಕಟ್ಟುವ ಕಾಗದವಾಗುವುದಕ್ಕಿಂತ ಮನೆಯ ಕಪಾಟಿನ ಮೇಲೆ ಕೂತರೆ ಅದರಲ್ಲಿ ಅವಮಾನವೇನಿಲ್ಲ.

ಮೊದಲ ಪಾಠ: ವಾರಪತ್ರಿಕೆಯ ಗೋಪುರ

ಐವತ್ತರಷ್ಟು ಹಾಳೆ ಇರುವ ಒಂದು ಹಳೇ ಪತ್ರಿಕೆ ತೆಗೆದುಕೊಳ್ಳಿ. ಬೆನ್ನು ಎಡಗಡೆ ಇರಲಿ.

• ಮೊದಲ ಹಾಳೆಯ ಮೇಲಿನ ಬಲ ಮೂಲೆಯನ್ನು ತಂದು ಬೆನ್ನಿಗೆ ಸೇರಿಸಿ ಮಡಚಿ. ಹಾಳೆಯ ಮೇಲಂಚು ಬೆನ್ನಿನ ಉದ್ದಕ್ಕೆ ಕೂರಬೇಕು.
• ಈಗ ಓರೆಯಾದ ಅಂಚು ಒಂದು ಸಿಕ್ಕಿತಲ್ಲ, ಅದನ್ನೂ ಬೆನ್ನಿಗೆ ಸೇರಿಸಿ ಇನ್ನೊಮ್ಮೆ ಮಡಚಿ.
• ಕೆಳಗೆ ಪುಸ್ತಕದಿಂದ ಹೊರಗೆ ಬಂದ ತುದಿಯನ್ನು ಮೇಲಕ್ಕೆ ಮಡಚಿ ಒಳಗೆ ಸೇರಿಸಿ.
• ಎಲ್ಲಾ ಹಾಳೆಗೂ ಹೀಗೇ ಮಾಡಿ. ಕೊನೆಗೆ ಸುತ್ತ ಬಿಡಿಸಿ, ಮೊದಲ ಮತ್ತು ಕೊನೆಯ ಹಾಳೆಯನ್ನು ಅಂಟಿಸಿ ನಿಲ್ಲಿಸಿ.

ಕ್ರಿಸ್ಮಸ್ಸಿಗೆ ಇದು ಮರವಾಗುತ್ತದೆ, ದಸರೆಯ ಗೊಂಬೆ ಕೂರಿಸುವವರಿಗೆ ಗೋಪುರವಾಗುತ್ತದೆ. ಖರ್ಚು ಸ್ವಲ್ಪ ಅಂಟು, ಅಷ್ಟೇ. ಮಡಿಕೆಯ ಮೇಲೆ ಸ್ಕೇಲಿನ ಅಂಚೋ ಚಮಚದ ಬೆನ್ನೋ ಒಮ್ಮೆ ಎಳೆದರೆ ಚೊಕ್ಕವಾಗಿ ಕೂರುತ್ತದೆ.

ಎರಡನೇ ಪಾಠ: ಗುರುತು ಹಾಕಿ ಮಡಚುವುದು

ಇದಕ್ಕೆ ರಟ್ಟಿನ ಹೊದಿಕೆಯ, ನೂರಕ್ಕೆ ಕಡಿಮೆಯಿಲ್ಲದ ಹಾಳೆಯ ಪುಸ್ತಕ ಬೇಕು. ಎತ್ತರ 20 ಸೆಂ.ಮೀ. ಇದೆ ಅಂತ ಇಟ್ಟುಕೊಳ್ಳಿ. ಪ್ರತಿ ಹಾಳೆಯ ಹೊರ ಅಂಚಿನಲ್ಲಿ ಎರಡು ಗುರುತು ಹಾಕಬೇಕು. ಮೊದಲ ಹಾಳೆಯಲ್ಲಿ ನಡುಮಧ್ಯದಿಂದ 1 ಮಿ.ಮೀ. ಮೇಲೆ ಒಂದು, 1 ಮಿ.ಮೀ. ಕೆಳಗೆ ಒಂದು. ಎರಡನೇ ಹಾಳೆಯಲ್ಲಿ 2 ಮಿ.ಮೀ., ಮೂರನೆಯದರಲ್ಲಿ 3. ಹೀಗೆ 40 ಹಾಳೆ ಹೋಗಿ, ಆಮೇಲಿನ 40 ಹಾಳೆಯಲ್ಲಿ ಅದೇ ಲೆಕ್ಕ ಇಳಿಸುತ್ತಾ ಬನ್ನಿ. ಮೇಲಿನ ಗುರುತಿನಿಂದ ಮೇಲಿನ ಮೂಲೆಯನ್ನು ಒಳಕ್ಕೆ, ಕೆಳಗಿನ ಗುರುತಿನಿಂದ ಕೆಳಗಿನ ಮೂಲೆಯನ್ನು ಒಳಕ್ಕೆ ಓರೆಯಾಗಿ ಮಡಚಿ. ಎರಡು ಗುರುತಿನ ನಡುವಿನ ಅಂಚು ಮಾತ್ರ ಮಡಚದೆ ಹೊರಗೆ ಉಳಿಯುತ್ತದೆ. 80 ಹಾಳೆಯ ಅಂಚುಗಳು ಸಾಲಾಗಿ ನಿಂತಾಗ ಎದುರಿಗೆ ವಜ್ರದ ಆಕಾರ ಎದ್ದು ಕಾಣುತ್ತದೆ. ಗುರುತು ಬದಲಾಯಿಸಿದರೆ ಹೃದಯ, ಅಕ್ಷರ, ಹೆಸರು ಏನು ಬೇಕಾದರೂ ಬರುತ್ತದೆ. ಗುಟ್ಟೆಲ್ಲಾ ಅಳತೆಯಲ್ಲಿದೆ. ಮಿಲಿಮೀಟರು ಲೆಕ್ಕ ಕಲಿಯಲು ಮಕ್ಕಳಿಗೆ ಇದಕ್ಕಿಂತ ಒಳ್ಳೇ ಆಟ ಸಿಗಲಿಕ್ಕಿಲ್ಲ.

ಮಳೆ ಮತ್ತು ಕಾಗದ

ನಮ್ಮದು ಮಳೆಯ ಸೀಮೆ. ತೇವ ಹೀರಿದ ಕಾಗದದಲ್ಲಿ ಮಡಿಕೆ ನಿಲ್ಲುವುದಿಲ್ಲ, ಬೂಷ್ಟು ಹಿಡಿಯುತ್ತದೆ, ಒರಲೆ ಬರುತ್ತದೆ. ಆದ್ದರಿಂದ ಬೇಸಿಗೆಯೇ ಒಳ್ಳೇ ಕಾಲ. ಮೊದಲು ಒಂದು ಹಾಳೆಯ ಮೂಲೆಯನ್ನು ಎರಡು ಮೂರು ಸಲ ಮಡಚಿ ಬಿಡಿಸಿ ನೋಡಿ. ಮುರಿದು ಕೈಗೆ ಬಂದರೆ ಆ ಪುಸ್ತಕ ಆಗುವುದಿಲ್ಲ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಇರುತ್ತದೆ, ವರ್ಷ ಕಳೆದಂತೆ ಹಳದಿಯಾಗಿ ಪುಡಿಯಾಗುತ್ತದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆ ಇದ್ದ ಜಿಲ್ಲೆಯವರು ನಾವು, ಕಾಗದ ನಮಗೆ ಹೊಸದಲ್ಲ. ಆದರೂ ಒಂದು ಮಾತು ನೆನಪಿರಲಿ: ನಮ್ಮ ಗೈಡು ಮೂವತ್ತು ವರ್ಷಕ್ಕೆ ಪುಡಿಯಾದರೂ ಚೆನ್ನಾಗಿ ಕಾಪಾಡಿದ ತಾಳೆಗರಿ ಮುನ್ನೂರು ವರ್ಷ ಬಾಳುತ್ತದೆ.

ದುಡ್ಡು ಬರುತ್ತದಾ?

ಸ್ವಸಹಾಯ ಸಂಘದ ಅಕ್ಕತಂಗಿಯರು ಕೇಳುವ ಪ್ರಶ್ನೆ ಇದೇ. ಮುಚ್ಚುಮರೆ ಇಲ್ಲದೆ ಹೇಳುತ್ತೇವೆ: ಇದನ್ನೇ ನಂಬಿ ಸಂಸಾರ ನಡೆಸಲಿಕ್ಕಾಗದು, ಸಾಲ ತೆಗೆದು ಶುರು ಮಾಡುವ ಕೆಲಸವೂ ಅಲ್ಲ. ಒಂದು ಹೆಸರು ಮಡಚಲು ಗಂಟೆಗಟ್ಟಲೆ ಬೇಕು. ಮದುವೆಗೆ, ಶಾಲೆಯ ಬಹುಮಾನಕ್ಕೆ, ಹಬ್ಬದ ಅಲಂಕಾರಕ್ಕೆ ಯಾರಾದರೂ ಮೊದಲೇ ಹೇಳಿದರೆ ಮಾಡಿಕೊಡಬಹುದು. ಬೆಲೆ ಹೇಳುವಾಗ ಕಾಗದಕ್ಕಲ್ಲ, ನಿಮ್ಮ ಹೊತ್ತಿಗೆ ಬೆಲೆ ಕಟ್ಟಿ. ಸೊರಬ, ಸಾಗರದ ಗುಡಿಗಾರರನ್ನೇ ನೋಡಿ. ಶ್ರೀಗಂಧ ಕೆತ್ತುವ ಕೈಯೇ ಹಗುರ ಬೆಂಡಿನಲ್ಲಿ ಬಾಸಿಂಗವನ್ನೂ ಮಾಡುತ್ತದೆ. ಗಂಧಕ್ಕೆ ತನ್ನದೇ ಬೆಲೆ ಉಂಟು, ಬೆಂಡಿಗೆ ಬೆಲೆ ತರುವುದು ಕೈಕೆಲಸ. ಮಡಚಿದ ಪುಸ್ತಕವೂ ಹಾಗೇ.

ಈ ಬೇಸಿಗೆಯಲ್ಲಿ ಗುಜರಿಯವರನ್ನು ಕರೆಯುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಅಟ್ಟದ ಗಂಟು ಬಿಚ್ಚಿ. ಹಿರಿಯರನ್ನೂ ಜೊತೆಗೆ ಕರೆಯಿರಿ, ಯಾವುದು ಏನು ಅಂತ ಅವರಿಗೇ ಗೊತ್ತಿರುತ್ತದೆ. ಉಳಿಸುವುದನ್ನು ಉಳಿಸಿ, ಕೊಡುವುದನ್ನು ಕೊಟ್ಟು, ಆಮೇಲೆ ಮಿಕ್ಕಿದ್ದನ್ನು ಮಡಚಲು ಕೂರಿ.