ಖಾನೇಷುಮಾರಿಯೂ ಗೋದಲಿಯೂ

ಕ್ರಿಸ್ತಜನನದ ಕಥೆಯೆಂದೊಡನೆ ನಕ್ಷತ್ರ, ಕುರುಬರು, ಗೋದಲಿಯಲ್ಲಿ ಮಲಗಿದ ಶಿಶು ನಮ್ಮ ಕಣ್ಣಿಗೆ ಕಟ್ಟುತ್ತವೆ. ಆದರೆ ಆ ಶಿಶುವಿನ ತಾಯಿತಂದೆಗಳನ್ನು ಮನೆಯಿಂದ ಹೊರಡಿಸಿದ್ದು ಸರ್ಕಾರದ ಒಂದು ಖಾನೇಷುಮಾರಿ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ ಆರಂಭವಾಗುವುದೇ ಅದರಿಂದ. ಲೋಕದವರೆಲ್ಲ ಹೆಸರು ಬರೆಯಿಸಬೇಕೆಂದು ರೋಮಿನ ಚಕ್ರವರ್ತಿ ಔಗುಸ್ತನು ಆಜ್ಞೆ ಹೊರಡಿಸುತ್ತಾನೆ. ದಾವೀದನ ವಂಶದವನಾದ ಯೋಸೇಫನು ಗರ್ಭಿಣಿ ಮರಿಯಳೊಡನೆ ನಜರೇತನ್ನು ಬಿಟ್ಟು, ನೂರು ಕಿಲೋಮೀಟರಿಗೂ ಮಿಕ್ಕ ದಾರಿ ನಡೆದು, ದಾವೀದನ ಊರಾದ ಬೇತ್ಲೆಹೇಮಿಗೆ ಬರುತ್ತಾನೆ. ಛತ್ರದಲ್ಲಿ ಎಡೆಯಿಲ್ಲ, ಹುಟ್ಟಿದ ಮಗುವಿಗೆ ಗೋದಲಿಯೇ ತೊಟ್ಟಿಲು.

ಇತಿಹಾಸಕಾರರು ಇಲ್ಲಿ ತಡೆದು ನಿಲ್ಲುತ್ತಾರೆ. ಈ ಗಣತಿ ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ನಡೆಯಿತೆಂದು ಲೂಕನ ಹೇಳಿಕೆ. ಯೆಹೂದಿ ಇತಿಹಾಸಕಾರ ಜೋಸೆಫಸನ ಬರಹದಂತೆ ಕುರೇನ್ಯನ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಯೇಸು ಹುಟ್ಟಿದ್ದಾದರೋ ಹೆರೋದ ರಾಜನ ಕಾಲದಲ್ಲೆಂದು ಮತ್ತಾಯನ ಮಾತು, ಹೆರೋದನು ಕ್ರಿ.ಪೂ. 4ರಲ್ಲಿ ಸತ್ತನೆಂಬುದು ಬಹುಮಂದಿ ವಿದ್ವಾಂಸರ ಮತ. ಅಂತರ ಸುಮಾರು ಹತ್ತು ವರ್ಷ. ಮೇಲಾಗಿ ಕ್ರಿ.ಶ. 6ರಲ್ಲಿ ರೋಮಿನ ನೇರ ಆಡಳಿತಕ್ಕೆ ಸೇರಿದ್ದು ಯೂದಾಯ. ನಜರೇತ್ ಇದ್ದ ಗಲಿಲಾಯ ಹೆರೋದನ ಮಗ ಅಂತಿಪನ ಕೈಯಲ್ಲಿತ್ತು. ಕ್ರಿ.ಶ. 104ರಲ್ಲಿ ಈಜಿಪ್ಟಿನ ರೋಮನ್ ಅಧಿಕಾರಿಯೊಬ್ಬನು, ಪರಸ್ಥಳದಲ್ಲಿರುವವರು ಗಣತಿಗಾಗಿ ಮನೆಗೆ ಮರಳಬೇಕೆಂದು ಹೊರಡಿಸಿದ ಆಜ್ಞೆಯ ಪಪೈರಸ್ ಪ್ರತಿ ದೊರೆತಿದೆ, ನಿಜ. ಆದರೆ ಅದು ಅವರವರ ಮನೆಯ ಮಾತು. ಸಾವಿರ ವರ್ಷ ಹಿಂದಿನ ಪೂರ್ವಜನ ಊರಿನ ಮಾತಲ್ಲ.

ಹಾಗಾದರೆ ಕಥೆಯನ್ನು ಕೈಬಿಡಬೇಕೆ? ಸಾಹಿತ್ಯ ಪಾಠ ಹೇಳುವ ನನಗೆ ಹಾಗೆ ತೋರುವುದಿಲ್ಲ. ಕಥೆಯನ್ನು ಉಳಿಸಲೆಂದು ತೇದಿಗಳನ್ನು ಎಳೆದಾಡುವುದೂ ಸಲ್ಲದು. ಶಾಸನವನ್ನು ಓದುವ ಕಣ್ಣು ಬೇರೆ, ಕಾವ್ಯವನ್ನು ಓದುವ ಕಣ್ಣು ಬೇರೆ. ಎರಡೂ ನಮಗೆ ಬೇಕು.

ಆ ಜನಕ್ಕೆ ಗಣತಿಯೆಂದರೆ ಬರಿಯ ಎಣಿಕೆಯಲ್ಲ. ಅದು ಕಂದಾಯ, ಪರರ ನೊಗ. ಕುರೇನ್ಯನ ಗಣತಿಯನ್ನು ದಾಸ್ಯವೆಂದು ಸಾರಿ ಗಲಿಲಾಯದ ಯೂದನು ದಂಗೆಯೆದ್ದನು. ಆ ದಂಗೆಯನ್ನು ಲೂಕನು ಬಲ್ಲ. ‘ಅಪೊಸ್ತಲರ ಕೃತ್ಯಗಳು’ ಗ್ರಂಥದಲ್ಲಿ ಅದರ ಪ್ರಸ್ತಾಪವಿದೆ. ಆದರೂ ಅವನ ಕಥೆಯಲ್ಲಿ ಯೋಸೇಫನು ಕತ್ತಿ ಹಿಡಿಯುವುದಿಲ್ಲ, ಸುಮ್ಮನೆ ದಾರಿ ಹಿಡಿಯುತ್ತಾನೆ. ಮೆಸ್ಸೀಯನು ಬೇತ್ಲೆಹೇಮಿನಿಂದ ಬರುವನೆಂಬುದು ಪ್ರವಾದಿ ಮೀಕನ ವಾಣಿಯಿಂದ ಬಂದ ನಂಬಿಕೆ. ಅಲ್ಲಿಗೆ ತಾಯಿಯನ್ನು ತಲುಪಿಸಿದ್ದು ಯಾರು? ತನ್ನ ಪ್ರಜೆಗಳನ್ನು ಎಣಿಸಹೊರಟ ಚಕ್ರವರ್ತಿ! ಹಿರಿದಾದ ಒಂದು ಸಂಕಲ್ಪಕ್ಕೆ ತಾನು ಆಳಾದದ್ದು ಅವನಿಗೇ ತಿಳಿಯದು. ಲೂಕನ ಮಾತಿನ ಮರ್ಮ ಇದೆಂದು ನನ್ನ ಭಾವನೆ.

ಔಗುಸ್ತನು ತನ್ನ ಸಾಧನೆಗಳ ಶಾಸನದಲ್ಲಿ ಮೂರು ಗಣತಿಗಳನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಕ್ರಿ.ಶ. 14ರ ಲೆಕ್ಕದಲ್ಲಿ ರೋಮನ್ ಪೌರರು 49,37,000. ಪೌರತ್ವವಿಲ್ಲದ ನಜರೇತಿನ ಬಡವರು ಆ ಮೊತ್ತಕ್ಕೆ ಸೇರಿದವರಲ್ಲ. ಲೂಕನು ಎಣಿಸಿದ್ದು ಅವರನ್ನು.