ಗೊರಕೆಯೂ ಜಾಗರಣೆಯೂ

ಮನೆಗೆ ಬಂದ ನಂಟರು ಬೆಳಗ್ಗೆ ಎದ್ದೊಡನೆ, “ರಾತ್ರಿ ಚೆನ್ನಾಗಿ ನಿದ್ರೆ ಬಂದಿತೆ?” ಎಂದು ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಉಪಚಾರಕ್ಕೆ ಆ ಪ್ರಶ್ನೆಯು ಸಾಕು; ರೋಗವನ್ನು ತಿಳಿಯುವುದಕ್ಕೆ ಸಾಲದು. ಏಕೆಂದರೆ ನಿದ್ರಿಸುವವನು ತನ್ನ ನಿದ್ರೆಗೆ ತಾನು ಸಾಕ್ಷಿಯಾಗಲಾರನು. ತನ್ನ ಗೊರಕೆಯನ್ನು ತಾನೇ ಕೇಳಿದವರುಂಟೆ? ಅದನ್ನು ಹೇಳಬಲ್ಲವರು ಪಕ್ಕದಲ್ಲಿ ಮಲಗಿದವರು. ಅವರ ಮಾತನ್ನಾದರೋ ನಾವು ನಗೆಯಲ್ಲಿ ತೇಲಿಸಿಬಿಡುತ್ತೇವೆ. ಈ ತಪ್ಪನ್ನು ಹಲವು ವರ್ಷ ನಾವೇ ಮಾಡಿದವರಾದುದರಿಂದ ಅದನ್ನು ಕುರಿತು ಬರೆಯುವ ಅಧಿಕಾರ ನಮಗಿದೆಯೆಂದು ಭಾವಿಸುತ್ತೇವೆ.

ನಮ್ಮ ಸೋದರಮಾವನವರ ಗೊರಕೆಯು ಬಂಧುವರ್ಗದಲ್ಲೆಲ್ಲ ಪ್ರಸಿದ್ಧವಾಗಿದ್ದಿತು. ಮದುವೆಯ ಮನೆಗಳಲ್ಲಿ ಅವರ ಹಾಸಿಗೆಯ ಸಮೀಪದಲ್ಲಿ ಮಲಗಲು ಯಾರೂ ಒಪ್ಪುತ್ತಿರಲಿಲ್ಲ. ಮಕ್ಕಳು ಅವರಿಗೆ ಕುಂಭಕರ್ಣನೆಂದು ಹೆಸರಿಟ್ಟಿದ್ದರು. ತಲೆಯು ದಿಂಬಿಗೆ ತಗುಲಿದೊಡನೆ ನಿದ್ರೆ ಬರುವ ಪುಣ್ಯವಂತರೆಂದು ನಾವೂ ಹೊಟ್ಟೆಕಿಚ್ಚು ಪಟ್ಟದ್ದುಂಟು. ಹಗಲಿನಲ್ಲಿಯೂ ಅವರು ವೃತ್ತಪತ್ರಿಕೆಯನ್ನು ಹಿಡಿದು ಕುಳಿತಲ್ಲಿಯೇ ತೂಕಡಿಸುವರು. ಅತ್ತೆಯವರು ಮಾತ್ರ ನಗುತ್ತಿರಲಿಲ್ಲ. ಗೊರಕೆಯ ಸದ್ದಿಗೆ ತಾವು ಹೆದರುವುದಿಲ್ಲ, ಅದು ನಿಂತಾಗಲೇ ಹೆದರಿಕೆ, ಎಂದು ಅವರು ಒಮ್ಮೆ ನಮ್ಮೊಡನೆ ಹೇಳಿದರು. ಸದ್ದು ಏರುತ್ತ ಏರುತ್ತ ಹೋಗಿ ಥಟ್ಟನೆ ನಿಲ್ಲುವುದು. ಎದೆಯು ಏದುತ್ತಿದ್ದರೂ ಉಸಿರಿನ ಸುಳಿವಿಲ್ಲ. ಆಗ ಅತ್ತೆಯವರೂ ತಮ್ಮ ಉಸಿರನ್ನು ಬಿಗಿಹಿಡಿದು ಕಾಯುವರಂತೆ. ತಡೆಯಲಾರದೆ ತಾವು ಉಸಿರು ಬಿಟ್ಟ ಮೇಲೂ ಮಾವನವರ ಉಸಿರು ಹೊರಡದೆ ಇದ್ದ ರಾತ್ರಿಗಳು ಎಷ್ಟೋ! ಕೊನೆಗೆ ಗಂಟಲಿನಿಂದ ದೊಡ್ಡ ಸದ್ದೊಂದು ಹೊರಟು ಮತ್ತೆ ಗೊರಕೆಯು ಮೊದಲಾಗುವುದು. ಬೆಳಗ್ಗೆ ಕೇಳಿದರೆ ಮಾವನವರಿಗೆ ಇದರ ನೆನಪೇ ಇಲ್ಲ.

ಎದ್ದಾಗ ತಲೆಭಾರ, ಎಷ್ಟು ಮಲಗಿದರೂ ತೃಪ್ತಿಯಿಲ್ಲ, ಎಂದು ಮಾವನವರು ವೈದ್ಯರೊಬ್ಬರಲ್ಲಿ ದೂರಿಕೊಂಡರು. ಅವರು ನಿದ್ರೆಯ ಗುಳಿಗೆಯನ್ನು ಬರೆದುಕೊಟ್ಟರು. ಇದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತಾಯಿತೆಂದು ನಮಗೆ ತಿಳಿದದ್ದು ಆಮೇಲೆ. ತಿಂಗಳು ಕಳೆಯುವುದರೊಳಗೆ ಒಂದು ಮಧ್ಯಾಹ್ನ ಸ್ಕೂಟರಿನ ಮೇಲೆಯೇ ಅವರ ಕಣ್ಣು ಮುಚ್ಚಿಹೋಗಿ, ವಾಹನವು ರಸ್ತೆಯ ಬದಿಯ ಮರಳಿನ ರಾಶಿಗೆ ನುಗ್ಗಿತು. ಮರಳಾದುದರಿಂದ ಕೈಯೊಂದು ಮುರಿದು ಪ್ರಾಣವುಳಿಯಿತು. ಕೈಗೆ ಕಟ್ಟು ಹಾಕಿದ ತರುಣ ವೈದ್ಯರು ಮಾವನವರನ್ನು ಬಿಟ್ಟು ಅತ್ತೆಯವರನ್ನು ಪ್ರಶ್ನಿಸಿದರು. ಅಷ್ಟು ವರ್ಷಗಳಲ್ಲಿ ಅವರನ್ನು ಕೇಳಿದವರು ಅವರೇ ಮೊದಲಿಗರು.

ಎಚ್ಚರದಲ್ಲಿ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ರೆಯಲ್ಲಿ ಅವು ಸಡಿಲವಾಗುವುವು. ದಾರಿಯು ಇಕ್ಕಟ್ಟಾದಾಗ ಅಲ್ಲಿನ ಮೆತ್ತನೆಯ ಮಾಂಸವು ಅದುರುವುದೇ ಗೊರಕೆ. ಅದೇ ದಾರಿಯು ಕುಸಿದು ಮುಚ್ಚಿದರೆ ಗಾಳಿಯು ಒಳಕ್ಕೆ ಹೋಗದು, ರಕ್ತದಲ್ಲಿ ಆಮ್ಲಜನಕವು ಇಳಿಯುವುದು, ಮಿದುಳು ಕ್ಷಣಕಾಲ ಎಚ್ಚೆತ್ತು ದಾರಿಯನ್ನು ಬಿಡಿಸುವುದು. ಇದಕ್ಕೆ ‘ಸ್ಲೀಪ್ ಆಪ್ನಿಯ’ ಎಂದು ಹೆಸರು. 10 ಸೆಕೆಂಡಿಗೆ ಕಡಮೆಯಿಲ್ಲದೆ ಉಸಿರು ನಿಲ್ಲುವುದನ್ನೂ ಕ್ಷೀಣಿಸುವುದನ್ನೂ ಕೂಡಿಸಿ ಎಣಿಸುತ್ತಾರೆ. ಗಂಟೆಗೆ 5 ಸಲವಾದರೆ ರೋಗವುಂಟೆಂದೂ 30 ಸಲವಾದರೆ ತೀವ್ರವೆಂದೂ ಲೆಕ್ಕ. ಮಾವನವರಿಗೆ 40ಕ್ಕೂ ಮೇಲಾಗಿದ್ದಿತು! ರಾತ್ರಿಯೆಲ್ಲ ನೂರಾರು ಸಲ ಎಚ್ಚೆತ್ತವರು ಹಗಲು ತೂಕಡಿಸದೆ ಇನ್ನೇನು ಮಾಡಿಯಾರು? ರಕ್ತದ ಒತ್ತಡವು ಏರುವುದಕ್ಕೂ ಹೃದಯದ ತಾಳವು ಕೆಡುವುದಕ್ಕೂ ಈ ರೋಗಕ್ಕೂ ಸಂಬಂಧವುಂಟು. ಮದ್ಯವೂ ಹಲವು ನಿದ್ರೆಗುಳಿಗೆಗಳೂ ಗಂಟಲನ್ನು ಇನ್ನಷ್ಟು ಸಡಿಲಿಸಿ ಇದನ್ನು ಬೆಳೆಸುವುವು.

ನಗುವುದು ನಮ್ಮವರು ಮಾತ್ರವಲ್ಲ. ಇಂಗ್ಲೆಂಡಿನ ಡಿಕನ್ಸನು 1836–37ರಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಎಂಬ ಕಥೆಯಲ್ಲಿ ಸದಾ ನಿದ್ರಿಸುವ ದಪ್ಪ ಹುಡುಗನೊಬ್ಬನು ಓದುಗರನ್ನು ನಗಿಸುತ್ತಾನೆ. 1956ರಲ್ಲಿ ಅಮೆರಿಕದ ವೈದ್ಯರು ಸ್ಥೂಲತೆ, ಹಗಲುನಿದ್ರೆ, ಉಸಿರಿನ ಕುಂದು ಇವು ಕೂಡಿದ ರೋಗವೊಂದಕ್ಕೆ ಆ ಕಥೆಯ ಹೆಸರನ್ನೇ ಇಟ್ಟರು. ಆದರೆ ದಪ್ಪಗಿದ್ದವರಿಗೆ ಮಾತ್ರ ಆಪ್ನಿಯವೆಂದು ತಿಳಿಯತಕ್ಕದ್ದಲ್ಲ. ದವಡೆಯು ಚಿಕ್ಕದಾದ ಸಣಕಲರಿಗೂ ಬರುವುದು. ಗಂಟಲಿನ ಗ್ರಂಥಿಗಳು ಊದಿಕೊಂಡ ಮಕ್ಕಳಿಗೂ ಬರುವುದು. ಬಾಯಿ ತೆರೆದು ಮಲಗಿ ನಿತ್ಯವೂ ಗೊರೆಯುವ ಮಗುವು ಪಾಠದಲ್ಲಿ ಹಿಂದೆ ಬಿದ್ದರೆ, ಬೆತ್ತವನ್ನು ಹುಡುಕುವುದಕ್ಕೆ ಮೊದಲು ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸುವುದು ಮೇಲು.

ಚಿಕಿತ್ಸೆಯ ವಿಷಯ. ದೇಹದ ತೂಕವನ್ನು ಇಳಿಸುವುದು, ಮಗ್ಗುಲಾಗಿ ಮಲಗುವುದು, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಕವಚವನ್ನು ಧರಿಸುವುದು, ಇವು ಕೆಲವರಿಗೆ ಸಾಕಾಗುವುವು. ಸಿಡ್ನಿಯ ವೈದ್ಯರಾದ ಕಾಲಿನ್ ಸಲಿವನ್ ಎಂಬವರು 1981ರಲ್ಲಿ ಪ್ರಕಟಿಸಿದ ಉಪಾಯವು ಎಲ್ಲಕ್ಕಿಂತ ಬಲವಾದುದು: ಮೂಗಿನ ಮೇಲಿನ ಮುಸುಕಿನ ಮೂಲಕ ಗಾಳಿಯನ್ನು ಒತ್ತಡದಿಂದ ಕಳುಹಿಸಿ ಗಂಟಲು ಕುಸಿಯದಂತೆ ತಡೆಯುವುದು. ಈ ‘ಸಿಪ್ಯಾಪ್’ ಯಂತ್ರವನ್ನು ಮಾವನವರು ಮೊದಲ ವಾರ ಮೂರು ಸಲ ಕಿತ್ತೆಸೆದರು. ಮುಸುಕಿನ ಅಳತೆಯನ್ನು ಬದಲಾಯಿಸಿದ ಮೇಲೆ ಒಗ್ಗಿತು. ಬೆಲೆಯು ಹಗುರವಾದುದಲ್ಲವಾದುದರಿಂದ ಮುಸುಕು ಸರಿಹೊಂದುವ ಮೊದಲೇ ಕೊಳ್ಳುವುದು ಜಾಣತನವಲ್ಲ.

ಇಲ್ಲಿಗೆ ಕಥೆಯು ಮುಗಿಯಬೇಕಾಗಿದ್ದಿತು. ಆದರೆ ಮನೆಯು ನಿಶ್ಶಬ್ದವಾದ ಮೇಲೆ ನಿದ್ರೆಯಿಲ್ಲದವರು ಅತ್ತೆಯವರಾದರು! ಇಪ್ಪತ್ತು ವರ್ಷ ಕಾವಲು ಕಾಯ್ದ ಕಿವಿಯು ನಿಶ್ಶಬ್ದವನ್ನೇ ಅಪಾಯವೆಂದು ಕಲಿತಿದ್ದಿತು. ಒಂಬತ್ತಕ್ಕೆಲ್ಲ ಹಾಸಿಗೆ ಸೇರಿ, ಗಡಿಯಾರವನ್ನು ನೋಡುತ್ತ ಹೊರಳುವರು. ತಮಗೆ ಎವೆ ಮುಚ್ಚಲೇ ಇಲ್ಲವೆನ್ನುವರು. ಮಾವನವರು ಇಣಿಕಿ ನೋಡಿದರೆ ಮಲಗಿಯೇ ಇರುವರು. ಇಲ್ಲಿಯೂ ನಿದ್ರಿಸುವವರ ಸಾಕ್ಷ್ಯವು ನಂಬತಕ್ಕದ್ದಲ್ಲ. ನಿದ್ರಾಹೀನರು ತಾವು ಮಲಗಿದ ಹೊತ್ತನ್ನು ಕಡಮೆಯಾಗಿ ಎಣಿಸುವುದು ಸಾಮಾನ್ಯ. ಆದರೆ ಅವರ ಹಗಲಿನ ಬಳಲಿಕೆಯು ಸುಳ್ಳಲ್ಲ.

ದೀರ್ಘಕಾಲದ ನಿದ್ರಾಹೀನತೆಗೆ ಗುಳಿಗೆಯಲ್ಲ, ಅಭ್ಯಾಸವನ್ನು ತಿದ್ದುವ ಚಿಕಿತ್ಸೆಯೇ ಮೊದಲು ನಡೆಯಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ವಿಧಿಸಿತು. ಅದರ ಕ್ರಮವು ನಮ್ಮ ಹಿರಿಯರ ಬುದ್ಧಿವಾದಕ್ಕೆ ತಲೆಕೆಳಗು. ನಿದ್ರೆ ಬಾರದಿದ್ದರೆ ಕಣ್ಣು ಮುಚ್ಚಿ ಬಿದ್ದುಕೊಂಡಿರೆಂದು ಹಿರಿಯರು ಹೇಳುತ್ತಿದ್ದರು. ಎದ್ದು ಬೇರೆ ಕೋಣೆಗೆ ಹೋಗಿರಿ, ಕಣ್ಣು ಎಳೆದಾಗಲೇ ಮರಳಿರಿ, ಎಂದು ಈ ವೈದ್ಯರು ಹೇಳುತ್ತಾರೆ. ಹಾಸಿಗೆಯು ಹೊರಳಾಟದ ಸ್ಥಳವೆಂಬ ಪಾಠವನ್ನು ಮನಸ್ಸು ಮರೆಯಬೇಕಷ್ಟೆ. ನಿಜವಾಗಿ ಐದೂವರೆ ಗಂಟೆ ಮಾತ್ರ ನಿದ್ರಿಸುವವರು ಒಂಬತ್ತು ಗಂಟೆ ಹಾಸಿಗೆಯಲ್ಲಿರುವುದನ್ನೂ ನಿಲ್ಲಿಸಬೇಕು. ಅತ್ತೆಯವರಿಗೆ ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳಲು ಕಟ್ಟುಮಾಡಿದರು. ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿದರು. ಮಧ್ಯಾಹ್ನದ ಮೇಲಿನ ಕಾಫಿಯು ನಿಂತಿತು. (ಈ ಕೊನೆಯ ವಿಧಿಯನ್ನು ಪಾಲಿಸಲು ನಮ್ಮಿಂದ ಇದುವರೆಗೆ ಆಗಿಲ್ಲ.) ಮೊದಲೆರಡು ವಾರ ಅವರು ವೈದ್ಯರನ್ನು ಶಪಿಸಿದರು. ಆಮೇಲೆ ನಿದ್ರೆಯು ಗಟ್ಟಿಯಾದಂತೆ ಹೊತ್ತನ್ನು ಕಾಲುಗಂಟೆ ಕಾಲುಗಂಟೆಯಾಗಿ ಹೆಚ್ಚಿಸಿದರು. ಮೂರ್ಛೆರೋಗವುಳ್ಳವರೂ ವಾಹನ ನಡೆಸುವವರೂ ಇದನ್ನು ವೈದ್ಯರ ಕಣ್ಣಿನಡಿಯಲ್ಲಿ ಮಾತ್ರ ಮಾಡತಕ್ಕದ್ದು. ವರ್ಷಗಟ್ಟಲೆ ಗುಳಿಗೆ ನುಂಗಿದವರು ಅದನ್ನು ಒಮ್ಮೆಗೇ ಬಿಡಬಾರದು, ಮೆಲ್ಲಮೆಲ್ಲನೆ ಇಳಿಸಬೇಕು.

ಮಲಗಿದೊಡನೆ ಕಾಲುಗಳಲ್ಲಿ ಹುಳು ಹರಿದಂತಾಗಿ, ಎದ್ದು ನಡೆದರೆ ಶಮನವಾಗುವ ಬೇರೊಂದು ಕಾಯಿಲೆಯುಂಟು. ಗರ್ಭಿಣಿಯರಲ್ಲಿಯೂ ರಕ್ತಹೀನತೆಯುಳ್ಳವರಲ್ಲಿಯೂ ಇದು ಹೆಚ್ಚು. ಕಾಲೊತ್ತಿಸಿಕೊಂಡು ಸುಮ್ಮನಾಗದೆ ರಕ್ತದಲ್ಲಿ ಕಬ್ಬಿಣದ ಅಂಶವನ್ನು ಪರೀಕ್ಷಿಸಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರಾರೋಗಗಳ ಪರೀಕ್ಷೆ ನಡೆಯುತ್ತದೆ. ಉಸಿರಿನ ದೋಷಕ್ಕೆ ಶ್ವಾಸಕೋಶದ ವೈದ್ಯರೂ ಆಗಬಹುದು. ಮನಸ್ಸಿನ ಕಳವಳದಿಂದ ನಿದ್ರೆ ಕೆಟ್ಟವರಿಗೆ ಸರಕಾರದ ಟೆಲಿ ಮನಸ್ 14416 ಸಂಖ್ಯೆಯಲ್ಲಿ 2022ರಿಂದ ದೊರೆಯುತ್ತಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ಎಲ್ಲಿಗೆ ಹೋದರೂ ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಆಗದಿದ್ದರೆ ರಾತ್ರಿಯ ಗೊರಕೆಯನ್ನು ಮೊಬೈಲಿನಲ್ಲಿ ಹಿಡಿದು ಒಯ್ಯಿರಿ.

ಅತ್ತೆಯವರಿಗೆ ಈಗಲೂ ಒಮ್ಮೊಮ್ಮೆ ನಡುರಾತ್ರಿಯಲ್ಲಿ ಎಚ್ಚರವಾಗುವುದಂತೆ. ಆಗ ಕತ್ತಲೆಯಲ್ಲಿ ಕೈಚಾಚಿ ಯಂತ್ರದ ಕೊಳವೆಯನ್ನು ಮುಟ್ಟುತ್ತಾರೆ. ಗಾಳಿಯು ಹರಿಯುತ್ತಿದ್ದರೆ ಮಗ್ಗುಲು ಬದಲಾಯಿಸಿ ಮಲಗುತ್ತಾರೆ.