ಲೋಹಕ್ಕೂ ಮಿದುಳಿಗೂ ನಡುವೆ ಒಂದು ತೆಳು ಲೇಪ

ಕಿವುಡು ಮಕ್ಕಳಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್, ಪಾರ್ಕಿನ್ಸನ್ ರೋಗದ ನಡುಕ ತಗ್ಗಿಸಲು ಮಿದುಳಿನಾಳಕ್ಕೆ ಇಳಿಸುವ ಉತ್ತೇಜಕ, ಇವುಗಳ ಹೆಸರನ್ನು ನೀವು ಕೇಳಿರುತ್ತೀರಿ. ಎರಡರಲ್ಲೂ ನರದ ಪಕ್ಕದಲ್ಲಿದ್ದು ಕೆಲಸ ಮಾಡುವುದು ಲೋಹದ ಚಿಕ್ಕ ತುದಿ, ಅಂದರೆ ಎಲೆಕ್ಟ್ರೋಡ್. ಅದರ ಮೇಲ್ಮೈ ಹೇಗಿರಬೇಕು ಎಂಬ ಪ್ರಶ್ನೆ ವಿಜ್ಞಾನಿಗಳನ್ನು ದಶಕಗಳಿಂದ ಕಾಡಿದೆ.

ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನು. ಮಿದುಳಿನಲ್ಲಿ ವಿದ್ಯುತ್ತನ್ನು ಹೊರುವವು ನೀರಿನಲ್ಲಿ ಕರಗಿದ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳು. ಇವೆರಡೂ ಸಂಧಿಸುವುದು ಲೋಹದ ಮೇಲ್ಮೈಯಲ್ಲಿ ಮಾತ್ರ. ಒಂದೊಂದೇ ನರಕೋಶದ ಸಂಕೇತ ಹಿಡಿಯಬೇಕಾದರೆ ತುದಿ ಹತ್ತಾರು ಮೈಕ್ರಾನಿಗಿಂತ ದೊಡ್ಡದಿರಬಾರದು. ತುದಿ ಕಿರಿದಾದಷ್ಟೂ ಸಂಕೇತಕ್ಕೆ ಅಡಚಣೆ ಹೆಚ್ಚು. ಆ ಸಂಕೇತವೋ ಸುಮಾರು 100 ಮೈಕ್ರೋವೋಲ್ಟ್, ಒಂದು ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲು! ನಮ್ಮ ಸ್ಟುಡಿಯೋದವರಿಗೆ ಈ ಕಷ್ಟ ಹೊಸದಲ್ಲ. ಇಂಪೀಡೆನ್ಸ್ ಹೆಚ್ಚಿರುವ ಮೈಕಿಗೆ ಉದ್ದನೆಯ ತಂತಿ ಜೋಡಿಸಿದರೆ ಮಾತಿಗಿಂತ ಗುಂಯ್‌ಗುಟ್ಟುವ ಸದ್ದೇ ಜೋರು.

ಇನ್ನೊಂದು ತೊಡಕು ಗಡಸುತನದ್ದು. ಮಿದುಳು ಗಿಣ್ಣಿನಷ್ಟು ಮೆತ್ತಗೆ. ಸಿಲಿಕಾನ್ ಸೂಜಿ ಅದಕ್ಕಿಂತ ಕೋಟಿ ಪಟ್ಟಿಗೂ ಮಿಗಿಲು ಗಡಸು. ಉಸಿರು, ನಾಡಿಗಳ ಜೊತೆ ಮಿದುಳು ಮಿಸುಕಿದಾಗಲೆಲ್ಲ ಸೂಜಿ ತಿಕ್ಕುತ್ತದೆ, ಸುತ್ತ ಗಾಯದ ಪೊರೆ ಕಟ್ಟುತ್ತದೆ, ಸಂಕೇತ ಕ್ಷೀಣಿಸುತ್ತದೆ.

ಪ್ಲಾಸ್ಟಿಕ್ ವಿದ್ಯುತ್ ಹರಿಸಬಲ್ಲದೆಂದು 1977ರಲ್ಲಿ ತೋರಿಸಿದ ಶಿರಾಕಾವಾ, ಮ್ಯಾಕ್‌ಡಯಾರ್ಮಿಡ್, ಹೀಗರ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಆ ಕುಲದ 'ಪೆಡಾಟ್' ಎಂಬ ವಸ್ತುವನ್ನು ಜರ್ಮನಿಯ ಬೇಯರ್ ಕಂಪನಿ ಎಂಬತ್ತರ ದಶಕದ ಕೊನೆಯಲ್ಲಿ ತಯಾರಿಸಿತು. ಅದರ ಮೊದಲ ದೊಡ್ಡ ಉಪಯೋಗ ಏನು ಗೊತ್ತೇ? ಫೋಟೋ ಫಿಲ್ಮಿನ ಮೇಲೆ ಸ್ಥಿರವಿದ್ಯುತ್ತು ಶೇಖರವಾಗದಂತೆ ತಡೆಯುವ ಲೇಪ! ಹೊಸ ಶತಮಾನದ ಆರಂಭದಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇದನ್ನು ನರ ಎಲೆಕ್ಟ್ರೋಡುಗಳ ಮೇಲೆ ಬೆಳೆಸಿದರು. ವಿಧಾನ ಆಭರಣಕ್ಕೆ ಚಿನ್ನದ ಗಿಲೀಟು ಹಾಕಿದಂತೆಯೇ. ದ್ರಾವಣದಲ್ಲಿ ಅದ್ದಿ ವಿದ್ಯುತ್ ಹಾಯಿಸಿದರೆ ತುದಿಯ ಮೇಲಷ್ಟೇ ಪದರ ಕಟ್ಟುತ್ತದೆ.

ಈ ಪದರ ಸ್ಪಂಜಿನಂಥದು. ನೀರಿನೊಡನೆ ಅಯಾನುಗಳು ಅದರ ಒಳಕ್ಕೇ ನುಗ್ಗುತ್ತವೆ. ಎಲೆಕ್ಟ್ರಾನುಗಳು ಅದರ ಅಣುಸರಪಳಿಗುಂಟ ಸಾಗುತ್ತವೆ. ಸಂಧಿಸ್ಥಾನ ಬರೀ ಮೇಲ್ಮೈಯಾಗಿ ಉಳಿಯದೆ ಇಡೀ ಪದರವೇ ಆಗುತ್ತದೆ. ಹೀಗಾಗಿ ತುದಿಯ ಗಾತ್ರ ಹಿಗ್ಗದೆಯೇ ಅಡಚಣೆ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿಯುತ್ತದೆ. ಆದರೆ ಒಂದು ಮಾತು. ಗಡಸು ಸೂಜಿಗೆ ಮೆತ್ತನೆಯ ಅಂಗಿ ತೊಡಿಸಿದ ಮಾತ್ರಕ್ಕೆ ಸೂಜಿ ಬಾಗುವುದಿಲ್ಲ. ಅದಕ್ಕೇ ಈಗ ಪಾಲಿಇಮೈಡ್, ಸಿಲಿಕೋನ್‌ಗಳ ಬಳುಕುವ ಎಳೆಗಳ ಮೇಲೆಯೇ ಲೇಪ ಹಾಕುತ್ತಾರೆ.

ಅಸಲು ಪರೀಕ್ಷೆ ಅಂಟುವಿಕೆಯದು. ಉತ್ತೇಜಕ ಸ್ಪಂದನಗಳು ಹಾಯುವಾಗ ಅಯಾನುಗಳು ಒಳಹೊಕ್ಕು ಹೊರಬಂದು, ಪದರ ಹಿಗ್ಗಿ ಕುಗ್ಗುತ್ತದೆ. ಕ್ರಮೇಣ ಬಿರುಕು ಬಿಟ್ಟು ಸುಲಿದುಬರಬಹುದು. ಹಳೇ ಗೋಡೆಯ ಸುಣ್ಣವನ್ನು ನೆನೆಸಿಕೊಳ್ಳಿ. ಕಳಚಿದರೆ ಮತ್ತೆ ತಲೆಬುರುಡೆ ತೆರೆಯಬೇಕಾದೀತು. 2020ರಲ್ಲಿ ಅಮೆರಿಕದ ಎಂ.ಐ.ಟಿ. ಸಂಶೋಧಕರು ನ್ಯಾನೋಮೀಟರುಗಳ ಲೆಕ್ಕದ ಪಾಲಿಯುರಿಥೇನ್ ಪದರವನ್ನು ನಡುವೆ ಹಾಕಿ, ಒದ್ದೆಯಲ್ಲೂ ಇದು ಗಟ್ಟಿಯಾಗಿ ಅಂಟುವಂತೆ ಮಾಡಿದರು.

ಇಷ್ಟಾದರೂ ಆಸ್ಪತ್ರೆಗಳಲ್ಲಿ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟು, ಉತ್ತೇಜಕಗಳಲ್ಲಿ ಸಾಮಾನ್ಯವಾಗಿ ಇರುವುದು ಪ್ಲಾಟಿನಂ, ಇಲ್ಲವೇ ಪ್ಲಾಟಿನಂ–ಇರಿಡಿಯಂ. ವೈದ್ಯರ ಈ ಎಚ್ಚರಿಕೆ ಸರಿಯೆಂದೇ ನನ್ನ ಅಭಿಪ್ರಾಯ. ಒಂದು ವರ್ಷದ ಮಗುವಿನ ಕಿವಿಯಲ್ಲಿಟ್ಟ ಎಲೆಕ್ಟ್ರೋಡು ಎಪ್ಪತ್ತು ವರ್ಷ ಉಪ್ಪುನೀರಿನಲ್ಲಿ ಇರಬೇಕಾಗಬಹುದು. ಪೆಡಾಟ್ ಹುಟ್ಟಿ ಇನ್ನೂ ನಾಲ್ಕು ದಶಕವೂ ಆಗಿಲ್ಲ.